ಗಟ್ಟಿಯಾಗಿ ಓದುವ ಹಾಗಿಲ್ಲ

ಕೃಷ್ಣರಾಜಪುರ
16 ಜನವರಿ 2025

ಕಲೀಮ್ ಭಾಯ್ ಅವರಿಗೆ ನಮಸ್ಕಾರ.

ಕಳೆದ ಭಾನುವಾರವೂ ಹಲಸೂರಿನ ಕೂಟಕ್ಕೆ ನೀವು ಬರಲಿಲ್ಲ, ನಿಮ್ಮ ಚೀಟಿ ಮಾತ್ರ ಬಂತು. ಅಧ್ಯಕ್ಷರು ಮುನಿನಾರಾಯಣಪ್ಪನವರು ಅದನ್ನು ಎಲ್ಲರ ಕೈಗೂ ದಾಟಿಸಿದರು. ‘ಇನ್ನು ಮೇಲೆ ವಾರದ ವಾಕ್ಯವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ’ ಅಂತ ಬರೆದಿದ್ದೀರಿ. ಕೆಳಗೆ ನಿಮ್ಮ ಸಹಿ ಇಲ್ಲದಿದ್ದರೆ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡು ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಅಲ್ಲ ಕಣ್ರೀ, ನಮ್ಮ ಸ್ವಯಂವಿಚಾರ ಬಳಗ ನಿಂತಿರುವುದೇ ಈ ಒಂದು ನಿಯಮದ ಮೇಲೆ. ರಾಮಯ್ಯ ಮೇಷ್ಟ್ರು ಬರೆದಿಟ್ಟು ಹೋದ ಇನ್ನೂರ ಹನ್ನೆರಡು ವಾಕ್ಯ, ವಾರಕ್ಕೆ ಒಂದು, ಮುಗಿದರೆ ಮತ್ತೆ ಮೊದಲಿಂದ. ಪ್ರತಿಯೊಬ್ಬರೂ ಕೂಟಕ್ಕೆ ಹಾಳೆ ತಂದು, ಅಲ್ಲೇ ಕೂತು, ಬಾಯಿ ಬಿಡದೆ, ತಾವೇ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಒಪ್ಪಿದರೆ ಟಿಕ್ಕು, ಒಪ್ಪದಿದ್ದರೆ ಇಂಟು, ಅರ್ಥವಾಗದಿದ್ದರೆ ಸೊನ್ನೆ. ಆಮೇಲೆ ಚರ್ಚೆ. ‘ಬೇರೆಯವರ ಬಾಯಿಂದ ಕೇಳಿದ ವಾಕ್ಯಕ್ಕೆ ಅವರ ಅಭಿಪ್ರಾಯ ಅಂಟಿಕೊಂಡೇ ಬರುತ್ತದೆ’ ಎಂದು ಮೇಷ್ಟ್ರು ಹೇಳುತ್ತಿದ್ದುದನ್ನು ನನಗಿಂತ ಮೊದಲು ಕೇಳಿದವರು ನೀವು. ಅವರ ನೋಟ್ಸಿಗೆ ಬೈಂಡು ಹಾಕುತ್ತಾ ಹಾಕುತ್ತಾ ಓದಿ ಈ ಬಳಗಕ್ಕೆ ಬಂದವರು. ನಿಮಗೆ ಏನು ಬಂತು ಈಗ?

ನನ್ನ ವಿರೋಧ ದಾಖಲಿಸಿದ್ದೇನೆ. ಪದ್ಧತಿ ನಿಮಗೆ ಗೊತ್ತೇ ಇದೆ. ತೀರ್ಮಾನ ಆಗುವವರೆಗೆ ನಾವಿಬ್ಬರೂ ಮನೆಗೆ ಹೋಗಿ ಬರುವ ಹಾಗಿಲ್ಲ, ಫೋನಿಲ್ಲ, ಕೂಟದಲ್ಲಿ ಎದುರಾದರೂ ಮಾತಿಲ್ಲ. ಅಂಚೆ ಮಾತ್ರ. ಅದನ್ನೂ ಕರಡು ಬರೆದು ಮೂರು ದಿನ ಇಟ್ಟುಕೊಂಡು ಆಮೇಲೆ ಕಳಿಸಬೇಕು. ಇದನ್ನು ಸೋಮವಾರ ಬರೆದು ಇವತ್ತು ಡಬ್ಬಿಗೆ ಹಾಕುತ್ತಿದ್ದೇನೆ. ಮೂರು ದಿನದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಇಂತಿ,
ಸುಕನ್ಯ


ಶಿವಾಜಿನಗರ
23 ಜನವರಿ 2025
(ಕರಡು. ಕಳಿಸಲಿಲ್ಲ.)

ಟೀಚರಮ್ಮ,

ನಿಮ್ಮ ಕಾಗದವನ್ನು ನಾನು ಓದಲಿಲ್ಲ. ಮೊಮ್ಮಗಳು ಮೆಹ್ವಿಶ್ ಓದಿ ಹೇಳಿದಳು. ಅಂದರೆ ನಿಯಮ ಆಗಲೇ ಮುರಿದಾಯಿತು, ಇನ್ನು ವಾದ ಮಾಡುವುದಷ್ಟೇ ಬಾಕಿ.

ಕಣ್ಣಿನ ಡಾಕ್ಟರು ಡಿಸೆಂಬರಿನಲ್ಲೇ ಹೇಳಿದರು. ಒಳಗಿನ ಪರದೆಯ ನಡುಭಾಗ ಸವೆದಿದೆಯಂತೆ, ಎರಡೂ ಕಣ್ಣಲ್ಲಿ. ಹೋದದ್ದು ವಾಪಸ್ ಬರಲ್ಲ, ಇಂಜೆಕ್ಷನ್ ಹಾಕಿ ಉಳಿದದ್ದನ್ನು ನೋಡಿಕೊಳ್ಳೋಣ ಅಂದರು. ನನಗೆ ಅಂಚು ಕಾಣುತ್ತದೆ, ನಡು ಇಲ್ಲ. ಒಂದು ಪದದ ಮೇಲೆ ಕಣ್ಣಿಟ್ಟರೆ ಆ ಪದವೇ ಮಾಯ, ಅಕ್ಕಪಕ್ಕದ್ದು ಇರುತ್ತದೆ. ನೂರ್ಜಹಾನ್ ಎದುರಿಗೆ ನಿಂತರೆ ಸೆರಗು ಕಾಣುತ್ತದೆ, ಮುಖ ಇಲ್ಲ. ನಲವತ್ತನಾಲ್ಕು ವರ್ಷದಿಂದ ನೋಡಿದ ಹೆಂಡತಿಯ ಮುಖ. ಯಾ ಅಲ್ಲಾ, ನನಗೆ ಬಹಳ ಹೆದರಿಕೆಯಾಗುತ್ತಿದೆ ಟೀಚರಮ್ಮ.

ಇದನ್ನು ಹೇಗೆ ಬರೆಯುತ್ತಿದ್ದೇನೆ ಗೊತ್ತಾ? ಬೈಂಡಿನ ರಟ್ಟಿನಲ್ಲಿ ಸಾಲು ಸಾಲಾಗಿ ಸೀಳು ಕೊಯ್ದು ಕಾಗದದ ಮೇಲೆ ಇಟ್ಟುಕೊಂಡಿದ್ದೇನೆ. ಸೀಳಿನೊಳಗೆ ಎಡಗೈ ಬೆರಳು ನಡೆಯುತ್ತದೆ, ಅದರ ಹಿಂದೆ ಪೆನ್ನು. ಬರೆಯುವುದಕ್ಕೆ ಬರುತ್ತದೆ, ಓದುವುದಕ್ಕೆ ಬರುವುದಿಲ್ಲ.

ಇದನ್ನು ನಿಮಗೆ ಕಳಿಸಿದರೆ ಎಲ್ಲ ಮುಗಿದುಹೋಗುತ್ತದೆ. ‘ಸ್ವಂತ ಕಷ್ಟವನ್ನು ವಾದವಾಗಿ ತರಬಾರದು’ ಅಂತ ನಮ್ಮಲ್ಲಿ ಇನ್ನೊಂದು ನಿಯಮ ಇದೆಯಲ್ಲ. ಬಾಣಸವಾಡಿಯ ಮುತ್ತಣ್ಣ ಹೆಂಡತಿಯ ಕಾಯಿಲೆ ಹೇಳಿಕೊಂಡು, ಕೂಟವನ್ನು ಸಂಜೆಗೆ ಇಟ್ಟುಕೊಳ್ಳೋಣ ಅಂತ ಕೇಳಿದಾಗ ಆ ನಿಯಮವನ್ನು ಎತ್ತಿ ಹಿಡಿದವನು ನಾನೇ. ಮುತ್ತಣ್ಣ ಬಿಟ್ಟು ಹೋದ. ಈಗ ನಾನು ಹೋಗಿ ಕಣ್ಣು ಹೋಯಿತು ಅಂದರೆ ನೀವೆಲ್ಲ ಅಯ್ಯೋ ಪಾಪ ಅಂತ ಕೈ ಎತ್ತುತ್ತೀರಿ. ಹಾಗೆ ಗೆಲ್ಲುವುದು ನನಗೆ ನಕ್ಕೋ, ಬೇಡವೇ ಬೇಡ. ಆದರೆ ಇಪ್ಪತ್ತೊಂಬತ್ತು ವರ್ಷದ ಭಾನುವಾರ ಕಳೆದುಕೊಂಡು ಮನೆಯಲ್ಲಿ ಕೂರುವುದಕ್ಕೂ ನನ್ನಿಂದ ಆಗುವುದಿಲ್ಲ. ವಾದದಲ್ಲೇ ಗೆಲ್ಲಬೇಕು. ಈ ಕಾಗದ ಇಲ್ಲೇ ಇರಲಿ.


ಶಿವಾಜಿನಗರ
27 ಜನವರಿ 2025

ಸುಕನ್ಯ ಟೀಚರಿಗೆ ಸಲಾಂ.

ನಿಮ್ಮ ಕಾಗದ ತಲುಪಿತು. ಬೈಗುಳ ಚೆನ್ನಾಗಿತ್ತು.

ಒಂದು ಪ್ರಶ್ನೆ. ನೀವು ಒಬ್ಬರೇ ಕೂತು ಬಾಯಿ ಬಿಡದೆ ಓದುವಾಗ ಒಳಗೆ ಯಾರೋ ಓದುವುದು ಕೇಳಿಸುತ್ತದೋ ಇಲ್ಲವೋ? ನನಗೆ ಕೇಳಿಸುತ್ತದೆ. ನನ್ನೊಳಗೆ ಓದುವವನು ಒಬ್ಬ ಬೈಂಡರ್. ವಾಕ್ಯ ಸ್ವಲ್ಪ ಸಡಿಲ ಇದ್ದರೆ ಹೊಲಿಗೆ ಸರಿಯಿಲ್ಲ ಅನ್ನುತ್ತಾನೆ. ನಿಮ್ಮೊಳಗೆ ಓದುವವರು ಗಣಿತದ ಟೀಚರು, ಪ್ರತಿ ಸಾಲಿಗೂ ಮಾರ್ಕು ಕೊಡುತ್ತಾರೆ. ಹಾಗಾದರೆ ಯಾರ ದನಿಯೂ ಅಂಟದ ವಾಕ್ಯ ಎಲ್ಲಿದೆ, ತೋರಿಸಿ ನೋಡೋಣ. ಒಳಗಿನ ದನಿಗೆ ಅಭ್ಯಾಸವಾಗಿ ಅದು ನಮಗೆ ಗೊತ್ತಾಗುವುದೇ ಇಲ್ಲ. ಬೇರೆಯವರ ದನಿಯಾದರೆ ಇದು ಬೇರೆಯವರದು ಎಂದಾದರೂ ಗೊತ್ತಿರುತ್ತದೆ.

ಸದ್ಯಕ್ಕೆ ಭಾನುವಾರ ಬರಲಾಗುತ್ತಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಪರೀಕ್ಷೆ ಸಮಯ ನೋಡಿ.

ಕಲೀಮುಲ್ಲಾ


ಕೃಷ್ಣರಾಜಪುರ
6 ಫೆಬ್ರವರಿ 2025

ಕಲೀಮ್ ಭಾಯ್,

ನಿಮ್ಮ ವಾದ ಆಮೇಲೆ. ಮೊದಲು ಆ ಅಕ್ಷರದ ವಿಚಾರ. ಒಂದು ಪುಟದಲ್ಲಿ ಮುಗಿಯುವ ಮಾತಿಗೆ ನಾಲ್ಕು ಪುಟ, ಒಂದೊಂದು ಅಕ್ಷರವೂ ನಿಂಬೆಹಣ್ಣಿನ ಗಾತ್ರ! ಮೊದಲು ನಿಮ್ಮದು ಎಷ್ಟು ಮುದ್ದಾದ ಬರವಣಿಗೆ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಉತ್ತರಪತ್ರಿಕೆ ತಿದ್ದಿದವಳು ನಾನು. ಸಿಟ್ಟು ಬಂದ ಹುಡುಗರು ಹೀಗೇ ಬರೆಯುತ್ತಿದ್ದರು. ಕೂಗಾಡಬೇಕಾದರೆ ಎದುರಿಗೇ ಕೂಗಾಡಿ, ಕಾಗದದಲ್ಲಿ ಬೇಡ.

ಇನ್ನು ವಾದ. ಒಳಗಿನ ದನಿಯ ಮಾತು ನಿಜಕ್ಕೂ ಚೆನ್ನಾಗಿದೆ, ಎರಡು ದಿನ ತಲೆ ತಿಂದಿತು. ಅನ್ನಕ್ಕೆ ಇಟ್ಟು ಕೂತಲ್ಲೇ ಪೇಪರ್ ಓದುತ್ತಾ ಒಳಗೆ ಯಾರು ಓದುತ್ತಿದ್ದಾರೆ ಅಂತ ಕಿವಿಗೊಟ್ಟೆ. ನನ್ನ ಅಮ್ಮನ ದನಿ ಕೇಳಿಸಿದ ಹಾಗಾಗಿ ಬೆಚ್ಚಿಬಿದ್ದೆ. ಅನ್ನ ಸೀದುಹೋಯಿತು. ಆದರೂ ಒಪ್ಪುವುದಿಲ್ಲ. ನನ್ನ ದನಿಯನ್ನು ನಾನು ಅನುಮಾನಿಸಬಲ್ಲೆ. ಬೇಕಾದವರು ಓದಿದರೆ ತಲೆಯಾಡಿಸುತ್ತೇವೆ, ಬೇಡದವರು ಓದಿದರೆ ಮುಖ ಸಿಂಡರಿಸುತ್ತೇವೆ. ಈ ವಾರದ ನೂರ ಹದಿನೆಂಟನೇ ವಾಕ್ಯ ಅದೇ ಅಲ್ಲವೇ: ‘ನಾನು ಒಪ್ಪಿದ್ದು ಮಾತನ್ನೋ, ಮಾತಾಡಿದವರನ್ನೋ?’ ದನಿ ಬದಲಾದರೂ ವಾಕ್ಯ ಬದಲಾಗುವುದಿಲ್ಲ ಅಂತ ಸಾಬೀತು ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಕೂಟದಲ್ಲಿ ನಿಮ್ಮ ಕುರ್ಚಿ ಖಾಲಿ ಬಿದ್ದಿದೆ. ‘ಏನ್ ಟೀಚರ್, ನಿಮ್ ಭಾಯ್‌ದು ಮುನಿಸು ಇನ್ನೂ ಇಳೀಲಿಲ್ವಾ?’ ಅಂತ ಮುನಿನಾರಾಯಣಪ್ಪನವರು ಎಲ್ಲರೆದುರಿಗೆ ಕೇಳಿದರು. ನಾನೇನು ಹೇಳಲಿ? ಅಂಗಡಿ ಕೆಲಸ ಅಂದೆ. ಯಾರೂ ನಂಬಲಿಲ್ಲ. ನಾನೂ ನಂಬಿಲ್ಲ.

ಸುಕನ್ಯ


ಶಿವಾಜಿನಗರ
20 ಫೆಬ್ರವರಿ 2025

ಟೀಚರಮ್ಮ,

ಅಕ್ಷರ ದೊಡ್ಡದಾಗಿದ್ದಕ್ಕೆ ಮಾಫ್ ಮಾಡಿ. ಸಿಟ್ಟಲ್ಲ. ಪೆನ್ನು ಸರಿಯಿಲ್ಲ.

ಸಾಬೀತು ಮಾಡಿ ಅಂದಿರಲ್ಲ, ಮಾಡಿದೆ. ಉತ್ತರ ಕೇಳಿದರೆ ನಿಮಗೆ ಖುಷಿಯಾಗುತ್ತದೆ, ಯಾಕೆಂದರೆ ಅರ್ಧ ನೀವೇ ಗೆದ್ದಿದ್ದೀರಿ.

ನಿಮ್ಮ ಕಾಗದವನ್ನು ಮೊದಲು ಮೆಹ್ವಿಶ್ ಕೈಗೆ ಕೊಟ್ಟು ಓದು ಅಂದೆ. ಅವಳು ಕಾಲೇಜು ಹುಡುಗಿ, ಸರಸರ ಓದಿದಳು. ನಿಂಬೆಹಣ್ಣಿಗೆ ಬಂದಾಗ ನಕ್ಕಳು. ‘ಕೂಗಾಡಬೇಕಾದರೆ’ ಅನ್ನುವಲ್ಲಿ ದನಿ ಏರಿಸಿದಳು. ಓದಿ ಮುಗಿಸಿ, ‘ದಾದಾ, ಈ ಆಂಟಿ ತುಂಬಾ ಸ್ಟ್ರಿಕ್ಟು’ ಅಂದಳು. ನನಗೂ ಹಾಗೇ ಅನ್ನಿಸಿತು, ಮನಸ್ಸು ಕೆಟ್ಟಿತು. ಮಾರನೇ ದಿನ ಅದೇ ಕಾಗದವನ್ನು ನೂರ್ಜಹಾನ್ ಕೈಗೆ ಕೊಟ್ಟೆ. ಅವಳ ಕನ್ನಡ ಏಳನೇ ಕ್ಲಾಸಿಗೆ ನಿಂತದ್ದು. ಒಂದೊಂದು ಪದಕ್ಕೂ ನಿಂತು ನಿಂತು ಓದಿದಳು. ‘ನಿಮ್ಮ... ಕುರ್ಚಿ... ಖಾಲಿ... ಬಿದ್ದಿದೆ’ ಅಂತ ಓದಿ ಅಲ್ಲೇ ನಿಂತಳು. ‘ಪಾಪ, ಆ ಯಮ್ಮ ನಿಮ್ಮನ್ನ ಕಾಯ್ತಾ ಐತೆ’ ಅಂದಳು.

ಅದೇ ಕಾಗದ, ಅದೇ ಅಕ್ಷರ. ಇಬ್ಬರು ಸುಕನ್ಯ ಟೀಚರು ಬಂದು ಹೋದರು. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ, ದನಿ ಅಂಟುತ್ತದೆ. ಆದರೆ ಒಬ್ಬನೇ ಓದಿದ್ದರೆ ನನಗೆ ಒಬ್ಬರೇ ಸಿಗುತ್ತಿದ್ದರಲ್ಲ! ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಯಾರು ನಿಜ ಅಂತ ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಇದು ಸ್ವಂತ ವಿಚಾರ ಅಲ್ಲವಾ? ನೀವೇ ಹೇಳಿ, ಯಾರು ನಿಜ?

ಕಲೀಮುಲ್ಲಾ


ಕೃಷ್ಣರಾಜಪುರ
27 ಫೆಬ್ರವರಿ 2025
(ಕರಡು. ಕಳಿಸುವುದಿಲ್ಲ.)

ನೂರ್ಜಹಾನ್ ಅವರು ಓದಿದ್ದೇ ಸರಿ. ನಾನು ಕಾಯುತ್ತಿದ್ದೇನೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬರುತ್ತಿದೆ ಅಂದರೆ, ಎದ್ದು ಮೆಟ್ರೋ ಹತ್ತಿ ಬಂದುಬಿಡೋಣ ಅನ್ನಿಸುತ್ತದೆ. ಬರುವ ಹಾಗಿಲ್ಲ. ನಿಮ್ಮನ್ನು ಆ ಕುರ್ಚಿಗೆ ಕರೆಸಲು ನನಗೆ ಒಂದೇ ದಾರಿ ಕಾಣುತ್ತಿದೆ. ಕೆಟ್ಟ ದಾರಿ. ಸದಸ್ಯತ್ವ ಹೋಗುತ್ತದೆ ಅಂದರೆ ಬಂದೇ ಬರುತ್ತೀರಿ, ಹಾಳೆ ತಂದು ನನ್ನ ಮುಖದ ಮೇಲೆ ಎಸೆಯುತ್ತೀರಿ. ಎಸೆಯಿರಿ, ಬಂದರೆ ಸಾಕು.


ಕೃಷ್ಣರಾಜಪುರ
6 ಮಾರ್ಚ್ 2025

ಕಲೀಮ್ ಭಾಯ್ ಅವರಿಗೆ,

ನಿಮಗೆ ಅಂತ ಬರೆದ ಕಾಗದವನ್ನು ಮನೆಮಂದಿಯ ಕೈಗೆಲ್ಲ ಕೊಟ್ಟು ಓದಿಸಿ ನಕ್ಕಿದ್ದೀರಿ. ಪ್ರಯೋಗ ಅಂತ ಹೆಸರು ಬೇರೆ. ಇದನ್ನು ನಿಮ್ಮಿಂದ ನಿರೀಕ್ಷಿಸಿರಲಿಲ್ಲ.

ಕಳೆದ ಭಾನುವಾರದ ಕೂಟದಲ್ಲಿ ನಾನೊಂದು ನಿರ್ಣಯ ಮಂಡಿಸಿದೆ. ಎಂಟು ಭಾನುವಾರ ಸತತವಾಗಿ, ಹಾಳೆ ತಂದು ತಾವೇ ಓದಿ ಗುರುತು ಹಾಕದವರು ಬಳಗದ ಸದಸ್ಯರಲ್ಲ. ಏಪ್ರಿಲ್ 13ರ ವಾರ್ಷಿಕ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಇದು ಪಾಸಾದರೆ ನೀವು ಹೊರಗೆ, ನಿಮ್ಮ ಗಟ್ಟಿ ಓದಿನ ಪ್ರಸ್ತಾಪವೂ ಬಿದ್ದುಹೋಗುತ್ತದೆ. ಅಷ್ಟರೊಳಗೆ ಒಂದೇ ಒಂದು ಭಾನುವಾರ ಹಾಳೆ ತಂದರೆ ಯಾವ ತೊಂದರೆಯೂ ಇಲ್ಲ. ಒಂದೇ ಒಂದು. ಓದುವುದು ಅಷ್ಟು ಕಷ್ಟವೇ?

ಸುಕನ್ಯ


ಶಿವಾಜಿನಗರ
24 ಮಾರ್ಚ್ 2025

ಸುಕನ್ಯ ಟೀಚರಿಗೆ,

ಉತ್ತರ ತಡವಾಯಿತು. ರಂಜಾನಿನ ರೋಜಾ ನಡೆಯುತ್ತಿದೆ, ಅಂಗಡಿಯನ್ನೂ ಬೇಗ ಮುಚ್ಚುತ್ತೇವೆ.

ನಾವು ನಕ್ಕಿಲ್ಲ. ಮೆಹ್ವಿಶ್ ಒಂದು ಸಲ ನಕ್ಕಳು, ಅಷ್ಟೇ. ಕೊನೆಯ ಸಾಲಿನಲ್ಲಿ ಓದುವುದು ಅಷ್ಟು ಕಷ್ಟವೇ ಅಂತ ಕೇಳಿದ್ದೀರಿ. ಅದಕ್ಕೆ ನಾಲ್ಕು ಉತ್ತರ ಬರೆದು ನಾಲ್ಕನ್ನೂ ಹರಿದು ಹಾಕಿದೆ.

13ಕ್ಕೆ ಬರುತ್ತೇನೆ. ಹಾಳೆ ತರುವುದಿಲ್ಲ. ನನ್ನ ವಾದ ಹೇಳುತ್ತೇನೆ, ಆಮೇಲೆ ನಿಮ್ಮಿಷ್ಟ.

ಕಲೀಮುಲ್ಲಾ


ಕೃಷ್ಣರಾಜಪುರ
14 ಏಪ್ರಿಲ್ 2025

ಮೆಹ್ವಿಶ್, ಇದನ್ನು ನೀನೇ ಓದುತ್ತೀಯ ಅಂತ ಗೊತ್ತು. ನಿಧಾನವಾಗಿ ಓದಮ್ಮ. ದಾದಾ ಸಾಕು ಅಂದರೆ ನಿಲ್ಲಿಸು.

ಕಲೀಮ್ ಭಾಯ್, ಈ ಕಾಗದವನ್ನು ಮೂರು ದಿನ ಇಡುವುದಿಲ್ಲ, ಈಗಲೇ ಹಾಕುತ್ತೇನೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನಿನ್ನೆ ನೀವು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಿರಿ. ನಾನು ಬಂದು ಎಂದಿನಂತೆ ನಿಮ್ಮ ಎಡಕ್ಕೆ ಕೂತೆ. ನೀವು ತಿರುಗಲಿಲ್ಲ, ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ಅಂದುಕೊಂಡೆ. ನೀವು ಹತ್ತು ನಿಮಿಷ ಮಾತಾಡಿದಿರಿ, ಎಂಥ ಚೆಂದದ ಮಾತು. ಕಣ್ಣಿನ ಸುದ್ದಿ ಒಂದಕ್ಷರ ಇಲ್ಲ. ಆಮೇಲೆ ಮತ. ನಮ್ಮದು ಮೌನದ ಮತ, ಕೈ ಎತ್ತುವುದು, ಎಣಿಸುವುದು, ಫಲಿತಾಂಶ ಅಧ್ಯಕ್ಷರ ಕಾಗದದಲ್ಲಿ. ಆದ್ದರಿಂದ ಏನಾಯಿತು ಅಂತ ನಿಮಗೆ ಯಾರೂ ಹೇಳಿಲ್ಲ.

ನಾನು ಹೇಳುತ್ತೇನೆ. ನಿರ್ಣಯದ ಪರ ಒಂಬತ್ತು, ವಿರುದ್ಧ ಎಂಟು. ಒಂಬತ್ತನೆಯ ಕೈ ನನ್ನದು. ನೀವು ಬಂದರೆ ಸಾಕು ಅಂತ ಮಾಡಿದ ನಿರ್ಣಯ ಅದು, ನೀವು ಬಂದೂ ಆಗಿತ್ತು. ಆದರೂ ಎತ್ತಿದೆ. ಯಾಕೆಂದರೆ ಮನಸ್ಸಿಗೆ ಆ ನಿಯಮ ಸರಿ ಅಂತಲೇ ಅನ್ನಿಸಿತು. ಕೈ ಮೇಲಿದ್ದಾಗ ನೀವು ಕೋಳಿ ನೋಡುವ ಹಾಗೆ ಕತ್ತು ಓರೆ ಮಾಡಿ ನನ್ನ ಕಡೆ ನೋಡಿ ನಕ್ಕಿರಿ. ಇದೇನು ಇವರು ನಗುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಟೀ ಬಂತು. ನೀವು ಗ್ಲಾಸಿಗೆ ಕೈ ಚಾಚಿದಿರಿ, ಗ್ಲಾಸು ಇದ್ದದ್ದು ನಾಲ್ಕು ಬೆರಳು ಆಚೆಗೆ. ಮೇಜು ಸವರಿ ಹುಡುಕಿದಿರಿ.

ಮೆಟ್ಟಿಲ ಹತ್ತಿರ ಮೆಹ್ವಿಶ್ ಸಿಕ್ಕಳು. ನಿಮ್ಮನ್ನು ಆಟೋದಲ್ಲಿ ಕೂರಿಸಿ ನಿಮ್ಮ ಚೀಲ ತೆಗೆದುಕೊಂಡು ಹೋಗಲು ಬಂದಿದ್ದಳು. ‘ಆಂಟಿ, ದಾದಾಗೆ ಓದಕ್ಕಾಗಲ್ಲ. ನಿಮ್ ಲೆಟರ್ಸ್ ಎಲ್ಲಾ ನಾನೇ ಓದಿ ಹೇಳ್ತಿದ್ದಿದ್ದು, ನಿಮ್ಗೆ ಗೊತ್ತಿಲ್ವಾ?’ ಅಂದಳು. ಅವಳ ಹಿಂದೆ ನಾನು ಇಳಿದು ಓಡುವಷ್ಟರಲ್ಲಿ ಆಟೋ ಹೊರಟಿತ್ತು.

ಯಾಕ್ರೀ ಹೇಳಲಿಲ್ಲ? ಕಷ್ಟವನ್ನು ವಾದವಾಗಿ ತರಬಾರದು, ನಿಜ. ಆದರೆ ಒಬ್ಬನಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು ಗೋಳಲ್ಲ ಕಣ್ರೀ, ಸಂಗತಿ. ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನೇ ಮುಚ್ಚಿಟ್ಟು ಉತ್ತರ ಬಿಡಿಸು ಅಂದರೆ ನಾನು ಏನಂತ ಬಿಡಿಸಲಿ? ನೀವು ನಿಯಮ ಪಾಲಿಸಿದಿರಿ, ನಾನು ನಿಯಮ ಪಾಲಿಸಿದೆ. ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಇದ್ದುಕೊಂಡು ಮೂರು ತಿಂಗಳು ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಇಂಥ ಬುದ್ಧಿವಂತರನ್ನು ಎಲ್ಲೂ ಕಾಣೆ.

ಇನ್ನೊಂದು ಇದೆ, ಇದನ್ನು ಯಾರಿಗೂ ಹೇಳಿಲ್ಲ. ನಾನು ಇಷ್ಟು ವರ್ಷ ನಿಮ್ಮ ಎಡಕ್ಕೇ ಕೂರುತ್ತಿದ್ದುದು ನಿಮ್ಮ ಹಾಳೆ ಕಾಣಲಿ ಅಂತ. ಅರ್ಧಕ್ಕರ್ಧ ವಾಕ್ಯ ನನಗೆ ಒಬ್ಬಳಿಗೇ ಅರ್ಥವಾಗುವುದಿಲ್ಲ. ನಿಮ್ಮ ಗುರುತು ನೋಡಿಕೊಂಡು ನನ್ನದು ಹಾಕುತ್ತಿದ್ದೆ. ನೀವು ಬರದ ವಾರಗಳಲ್ಲಿ ನನ್ನ ಹಾಳೆಯ ತುಂಬ ಬರೀ ಸೊನ್ನೆ. ಸ್ವಂತ ಓದು, ಸ್ವಂತ ಓದು ಅಂತ ಗಂಟಲು ಹರಿದುಕೊಂಡವಳು ನಾನು. ನಾಚಿಕೆಯಾಗುತ್ತಿದೆ ಕಲೀಮ್ ಭಾಯ್. ಮತ್ತೆ ಮತ ಹಾಕಿಸುತ್ತೇನೆ. ಅದು ಆಗದಿದ್ದರೆ ರಾಜೀನಾಮೆ ಕೊಡುತ್ತೇನೆ.

ಸುಕನ್ಯ


ಶಿವಾಜಿನಗರ
17 ಏಪ್ರಿಲ್ 2025

ಟೀಚರಮ್ಮ,

ನಿಮ್ಮ ಕಾಗದವನ್ನು ಮೆಹ್ವಿಶ್ ಓದಿದಳು, ನಡುವೆ ಅತ್ತಳು, ಉಳಿದದ್ದನ್ನು ನೂರ್ಜಹಾನ್ ಓದಿದಳು. ಈ ಸಲ ಇಬ್ಬರು ಓದಿದರೂ ಒಬ್ಬರೇ ಸುಕನ್ಯ ಟೀಚರು ಬಂದರು.

ರಾಜೀನಾಮೆಗೀಜೀನಾಮೆ ಏನೂ ಬೇಡ. ನೀವೂ ಹೊರಗೆ ಬಂದರೆ ಒಳಗೆ ಜಗಳ ಮಾಡುವವರು ಯಾರು? ಮತ್ತೆ ಮತ ಹಾಕಿಸುವುದಾದರೆ ಆ ಸಂಗತಿಯ ವಾದ ಮಂಡಿಸಿ. ನಾನು ಒಪ್ಪಿದೆ, ಮುಚ್ಚಿಟ್ಟದ್ದು ನನ್ನದೇ ತಪ್ಪು. ಮುತ್ತಣ್ಣನಿಗೂ ಅನ್ಯಾಯ ಮಾಡಿದೆ. ಬಾಣಸವಾಡಿಗೆ ಹೋಗಿ ಅವನ ಮನೆ ಬಾಗಿಲು ತಟ್ಟಬೇಕು, ನೀವೂ ಜೊತೆಗೆ ಬನ್ನಿ.

ಈಗ ಆ ನಗುವಿನ ವಿಷಯ. ನನಗೆ ಕಾಣಲಿಲ್ಲ ಅಂದುಕೊಂಡಿದ್ದೀರಿ. ನಡು ಹೋಗಿದೆ ಟೀಚರಮ್ಮ, ಅಂಚು ಇದೆ. ಅವತ್ತು ಆ ಹಾಲಿನಲ್ಲಿ ನನಗೆ ಸರಿಯಾಗಿ ಕಂಡದ್ದು ಒಂದೇ, ಎಡಗಡೆ ಎತ್ತಿದ ನಿಮ್ಮ ಕೈ. ಬಳೆಯ ಸಮೇತ ಕಂಡಿತು.

ಮತ್ತೆ ನೀವು ನನ್ನ ಹಾಳೆ ನೋಡುವುದು ನನಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಅರೆ, ಒಂದೆರಡು ಸಲ ಬೇಕಂತಲೇ ತಪ್ಪು ಗುರುತು ಹಾಕಿ ಕೂತಿದ್ದೆ, ನೀವೂ ಅದನ್ನೇ ಹಾಕಿದಿರಿ. ಬಾಯಿ ಬಿಟ್ಟರೆ ಬರುವುದು ಬಿಟ್ಟುಬಿಡುತ್ತೀರಿ ಅಂತ ಸುಮ್ಮನಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಪಕ್ಕದಲ್ಲೇ ಕೂತು, ನನ್ನ ಗುರುತಿಗೆ ಕಾಯದೆ, ನನಗೇ ವಿರುದ್ಧವಾಗಿ ಕೈ ಎತ್ತಿದಿರಿ. ಅದನ್ನು ನೋಡಿ ಖುಷಿಯಾಯಿತು, ನಕ್ಕೆ. ಮನೆಗೆ ಬಂದು ಅತ್ತೆ. ಅದೂ ನಿಜ.

ತೀರ್ಮಾನ ಆಗಿದೆಯಲ್ಲ, ಇನ್ನು ಬರುವುದಕ್ಕೆ ಅಡ್ಡಿಯಿಲ್ಲ. ಮುಂದಿನ ಗುರುವಾರ ಬನ್ನಿ. ಈ ವಾರದ ವಾಕ್ಯ ತನ್ನಿ, ಗಟ್ಟಿಯಾಗಿ ಓದಿ. ಗುರುತು ಮಾತ್ರ ನೀವೇ ಮೊದಲು ಹೇಳಬೇಕು. ನೀವು ಹೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಕಲೀಮುಲ್ಲಾ